ಸಾಬೂನಿಗೊಂದು ಜೇಬು

ಗಣಪ್ಪ ನೀರಿಗೆ ಹೋದ ಮರುದಿನ ಶುರು ಮಾಡಿದ್ದು.
ದೀಪಾವಳಿಯ ಎಣ್ಣೆನೀರಿಗೆ ಇನ್ನೂ ಐವತ್ತು ದಿನ.
ಸಾಬೂನು ಹದಕ್ಕೆ ಬರಲು ನಲವತ್ತು ಬೇಕು,
ಬಾಣಂತಿ ಹೊಸ್ತಿಲು ದಾಟುವಷ್ಟು.

"ಕಾಸ್ಟಿಕ್‌ಗೆ ನೀರು ಹಾಕಬ್ಯಾಡ, ನೀರಿಗೆ ಕಾಸ್ಟಿಕ್ ಹಾಕು"
ಎಂದು ಅಂಗಡಿಯ ಯರ್ರಿಸ್ವಾಮಿ ಮೂರು ಸಲ ಹೇಳಿದ,
ಮೂರನೆಯ ಸಲ ಮೊಣಕೈಯ ಕಲೆ ತೋರಿಸಿ.

ಹಾಕಿದೆ.
ಒಲೆಯಿಲ್ಲದೆ ಕುದಿಯಿತು ತಣ್ಣೀರು.
ಪಕ್ಕದ ಮನೆಯ ಖಾಜಾಬಿ
ಸೆರಗಲ್ಲಿ ಮೂಗು ಮುಚ್ಚಿ ಬಗ್ಗಿ ನೋಡಿ
"ನಿಮ್ಮತ್ತೆ ನೆಪ್ಪಾದ್ಲು" ಅಂದಳು.

ಮೊದಲನೆಯ ಪಾಕ ಒಡೆಯಿತು:
ಎಣ್ಣೆ ಮೇಲೆ, ಸಿಟ್ಟು ಕೆಳಗೆ.
ಎರಡನೆಯದಕ್ಕೆ ಕೊಬ್ಬರಿಯೆಣ್ಣೆ, ಔಡಲೆಣ್ಣೆ, ಹಿಡಿ ಕಡಲೆಹಿಟ್ಟು.
ಸರದಿಯ ಮೇಲೆ ಕಡೆದೆವು,
ಅವಳ ಬಳೆಯ ಸದ್ದು ಬೇರೆ, ನನ್ನವು ಬೇರೆ,
ಅಂಬಲಿಯ ಹದ ಬರುವ ತನಕ.
ಅರಿಷಿಣ ಹಾಕಿದರೆ ಕೆಂಪಾಯಿತು!
ಅರಿಷಿಣಕ್ಕೆ ಸುಣ್ಣ ಬಿದ್ದರೆ ಕುಂಕುಮ
ಎಂದು ಬಲ್ಲವಳೇ ನಾನು, ಆದರೂ ಬೆಚ್ಚಿದೆ.
ಸಂಡೂರಿನ ಲಾರಿಗಳು ಹಾದುಹೋದ ಮೇಲೆ
ರಸ್ತೆಬದಿಯ ಎಕ್ಕದ ಎಲೆಗಿರುತ್ತದಲ್ಲ, ಆ ಬಣ್ಣ.

ಅಚ್ಚಿಗೆ ಚಹದ ಲೋಟ, ಮಗಳ ಪ್ಲಾಸ್ಟಿಕ್ ಕಂಪಾಸ್ ಡಬ್ಬಿ.
ಅವಳು ಮೂರು ದಿನ ಮಾತು ಬಿಟ್ಟಳು.

ಇನ್ನು ಸುತ್ತುವುದು ಯಾವುದರಲ್ಲಿ?
ಕೌಲ್ ಬಜಾರಿನ ಜೀನ್ಸ್ ಯುನಿಟ್ಟಿನಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನದು ಹಿಂಜೇಬಿನ ಕೆಲಸ.
ದಿನಕ್ಕೆ ಇನ್ನೂರು ಜೇಬು, ಯಾರ‍್ಯಾರದೋ ಕುಂಡಿಗೆ.
ಹೊಲಿಗೆ ಸೊಟ್ಟಾದವು, ಬಣ್ಣ ತಪ್ಪಿದವು ಮೂಲೆ ಸೇರುತ್ತವೆ,
ಶನಿವಾರ ಹಾಸಿಗೆ ತುಂಬುವವರು ಕಿಲೋ ಲೆಕ್ಕದಲ್ಲಿ ಒಯ್ಯುತ್ತಾರೆ.
ಒಂದು ಚೀಲ ಕೇಳಿದೆ.
"ಏನ್ ಮಾಡ್ತೀಯಮ್ಮ?" ಅಂದ ಮಾಲೀಕ.
"ಹಬ್ಬ" ಅಂದೆ.

ಜೇಬಿನ ಬೆನ್ನಿಗೆ ಜೇಬು ಹಚ್ಚಿ, ಬಾಯಿಗೆ ಲಾಡಿ ಪೋಣಿಸಿ,
ಒಂದಕ್ಕೆ ಕೆಂಪು ದಾರದ ನವಣೆತೆನೆ, ಒಂದಕ್ಕೆ ಗಿಳಿ.
ಮತ್ತೊಂದು ಗಿಳಿಯೆಂದೇ ಶುರುವಾಗಿ ಹಲ್ಲಿಯಾಯಿತು,
ಅದನ್ನು ನಾದಿನಿಗೆ ಎತ್ತಿಟ್ಟೆ.

ನೀರು ತುಂಬುವ ಹಬ್ಬದ ಸಂಜೆ ಓಣಿಗೆಲ್ಲ ಹಂಚಿದೆ.
ವಾಷಿಂಗ್ ಘಟಕದ ಶೇಕ್ಷಾವಲಿ,
ಮೊಣಕೈ ತನಕ ನೀಲಿ ಇಳಿದವನು,
ಮೂಸಿ ನೋಡಿ ಕೇಳಿದ: "ಇದು ಬಿಡಿಸ್ತೈತಾ, ಅಕ್ಕಾ?"
"ಸಾಬೂನಪ್ಪ ಅದು, ಪವಾಡ ಅಲ್ಲ."
ಮರುದಿನ ಬೆಳಗಿನ ಜಾವ ನಳದ ಹತ್ತಿರ ನಿಂತು ಕೂಗಿದ:
"ನೊರೆ ನೀಲಿ ಆತು! ಕೈನೂ ಹಂಗೇ ಐತೆ!"
ಎಷ್ಟು ಖುಷಿ ಅವನಿಗೆ, ಏನು ಗೆದ್ದನೋ.

ಸುಂಕಮ್ಮ ಮಾತ್ರ ಸಾಬೂನನ್ನು ಟ್ರಂಕಿಗೆ ಹಾಕಿದಳು,
ಧಾರೆ ಸೀರೆಯ ಮಡಿಕೆಯಲ್ಲಿ.
"ಇಂಥಾದ್ನ ತಿಕ್ಕಿ ಕರಗಿಸೋಕೆ ನನಗೇನು ತಲಿ ಕೆಟ್ಟೈತಾ?"
ಕರಗೋದೇ ಅದರ ಕೆಲಸ ಕಣೇ, ಎಂದು ಬೈದೆ.
ಅವಳಿಗೆ ಕೇಳಿಸಲಿಲ್ಲ.
ಖಾಲಿ ಜೇಬನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದಳು,
ಗಂಟು ಹಾಕಿ, ಎಳೆದು ನೋಡಿ, ಮತ್ತೊಂದು ಗಂಟು.

ನಮ್ಮವ್ವಂಗೂ ಸಂಚಿ ಇತ್ತಲ್ಲ, ಅಂದೆ, ಎಲೆಯಡಿಕೆಯದು.
"ಅದರಾಗ ಊರ ಕೈಯೆಲ್ಲಾ ಹೋಗತಿತ್ತು.
ಇದು ನೋಡು,
ನನ್ನ ಕೈ ಒಂದಾ ಹಿಡೀತೈತೆ."

ಹತ್ತೊಂಬತ್ತು ವರ್ಷ, ದಿನಕ್ಕೆ ಇನ್ನೂರು.
ಲೆಕ್ಕ ಹಾಕುತ್ತ ಹಾಕುತ್ತ ಮನೆಗೆ ಬಂದೆ.
ಆಕಾಶಬುಟ್ಟಿಯ ಕೆಳಗೆ ಮಗಳು ಸುರುಸುರುಬತ್ತಿ ಹಿಡಿದು
ಗಾಳಿಯಲ್ಲಿ ತನ್ನ ಹೆಸರು ಬರೆಯುತ್ತಿದ್ದಳು.

ಚೀಲದ ತಳದಲ್ಲಿ ಒಂದು ಉಳಿದಿತ್ತು, ಎಡ ಮೂಲೆ ಸೊಟ್ಟ.
ರಾತ್ರಿ ಎಲ್ಲರೂ ಮಲಗಿದ ಮೇಲೆ
ಲಂಗದ ಒಳಮಗ್ಗುಲಿಗೆ ಹೊಲಿದುಕೊಂಡೆ,
ಮೂಲೆಗಳಿಗೆ ಎರಡೆರಡು ಸಲ ಗಟ್ಟಿಹೊಲಿಗೆ ಹಾಕಿ.

ಏನಿಡಬೇಕೋ ಇನ್ನೂ ತಿಳಿದಿಲ್ಲ.
ಸದ್ಯಕ್ಕೆ ಕೈ ಇಟ್ಟಿದ್ದೇನೆ.